ಲಿನಕ್ಸ್ ಮಾಸ್ತರರೂ ಗೇಣುದ್ದದ ಹಾಸೂ

ಬಾಗಲಕೋಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಸೋಮಲಿಂಗ ಮಾಸ್ತರರು ಕೈಚೀಲದಿಂದ ಲಿನಕ್ಸ್ ಸಿ.ಡಿ. ಎಳೆದರು, ಅದರ ಬೆನ್ನು ಹತ್ತಿ ಶೇಂಗಾ ಚಟ್ನಿಯ ಪೊಟ್ಟಣವೂ ಬಂತು. ಹೊಚ್ಚ ಹೊಸ ಲ್ಯಾಪ್‌ಟಾಪಿನ ಕೀಲಿಮಣೆಗೆ ಕೆಂಪು ಅಭಿಷೇಕ!

"ಮಾಸ್ತರ್ರ, ಅದಕ್ಕ ಕರೆಂಟ್ ಸಾಕ್ರಿ, ಚಟ್ನಿ ಬ್ಯಾಡ," ಎಂದ ಅಂಗಡಿಯ ನಾಸೀರ.

ಜೊತೆಗೆ ಬಂದಿದ್ದ ಹೆಂಡತಿ ಬನಶಂಕರಿ ತನ್ನ ಸೆರಗಿನಿಂದಲೇ ಒರೆಸಿಕೊಟ್ಟಳು. ಮಾಸ್ತರರು ಆ ಕಡೆ ತಿರುಗಲೂ ಇಲ್ಲ.

ಅದು ೨೦೦೭ನೇ ಇಸವಿ. ಇಳಕಲ್ಲಿನಲ್ಲಿ ಗಣಿತ ಕಲಿಸುತ್ತಿದ್ದ ಮಾಸ್ತರರು ಊರಿಗೆಲ್ಲ ಸಾರಿದ್ದರು: "ವಿಂಡೋಸ್ ಅಂದ್ರ ಬಾಡಿಗಿ ಮನಿ! ಮೊಳಿ ಹೊಡ್ಯಾಕೂ ಮಾಲಕನ್ನ ಕೇಳಬೇಕು. ಲಿನಕ್ಸ್ ಸ್ವಂತ ಮನಿ! ಅದರಾಗ ಪ್ರೋಗ್ರಾಂ ಬರದು ಸೀರಿ ಅಂಚು ಬಿಡಸ್ತೇನಿ!"

ಕೊಳ್ಳುವ ಮುಂಚೆ ಒಂದೊಂದಕ್ಕೂ ಸಿ.ಡಿ. ಹಾಕಿ ಪರೀಕ್ಷೆ. ಒಂದು ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಎದ್ದಿತು, ದನಿ ಏಳಲಿಲ್ಲ. ಇನ್ನೊಂದರಲ್ಲಿ ದನಿ ಬಂತು, ಬಣ್ಣ ಕೆಟ್ಟಿತು.

"ಮದವಿ ಸೀರಿ ಆರಸಾಕ ಬಂದವರೂ ಇಷ್ಟು ಬಿಚ್ಚಸೂದಿಲ್ರಿ," ನಾಸೀರ ಬೆವರೊರೆಸಿಕೊಂಡ.

"ನಮ್ಮೋರು ಸೀರಿ ಕಡೆ ನೋಡೂದ ಇಲ್ಲ ತಮ್ಮಾ. ಎಲ್ಲಾ ಇದರಾಗ ನೋಡ್ತಾರ," ಎಂದಳು ಬನಶಂಕರಿ.

ಏಳನೆಯದು ಒಲಿಯಿತು. ಸ್ವಯಂವರ ಗೆದ್ದವರಂತೆ ಮಾಸ್ತರರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಬಂದರು.

ಸೀರೆ ವ್ಯಾಪಾರಿ ಅಕ್ಬರಸಾಬರು ಮಾತು ಕೊಟ್ಟಿದ್ದರು: "ನಿಮ್ಮವ್ವ ನೇಯತಿದ್ದ ಹಳೇ ಅಂಚು ತೋರಸ್ರಿ. ಮನಸಿಗೆ ಬಂದ್ರ ಇಪ್ಪತ್ತು ಸೀರಿ ನಿಮ್ಮ ಮನಿ ಮಗ್ಗಕ್ಕ." ಬನಶಂಕರಿಯ ಆ ಮಗ್ಗ, ಹಳೆ ಹಾಸಿನ ಉದ್ದೆಳೆಗಳನ್ನು ಗೇಣುದ್ದ ಕಚ್ಚಿಕೊಂಡು, ತಿಂಗಳಿಂದ ಸುಮ್ಮನೆ ನಿಂತಿತ್ತು.

ತೀರಿಹೋದ ಅವ್ವ ಅಂಚಿನ ನಕ್ಷೆ ಬರೆದಿಟ್ಟಿದ್ದ ಗ್ರಾಫ್ ಹಾಳೆ ಹಿಡಿದು, ಎಳೆ ಎಳೆ ಎಣಿಸಿ, ಹದಿನೈದು ದಿನ ಕೂತು ಮಾಸ್ತರರು ಅಂಚನ್ನು ಲ್ಯಾಪ್‌ಟಾಪಿಗೆ ತುಂಬಿದರು. ಅದರೊಳಗೆ ಮೊದಲೇ ಇದ್ದ ವಿಂಡೋಸಿನಲ್ಲಿ, ಸದ್ಯಕ್ಕೆಂದು. "ಕಾಗದದ ಕಾಲ ಮುಗೀತು!" ಎಂದು ಹಾಳೆಯನ್ನು ಬಚ್ಚಲೊಲೆಗೆ ಹಾಕಿದರು.

ಅಕ್ಬರಸಾಬರು ಬರುವ ದಿನ ಬೆಳಿಗ್ಗೆ ಲಿನಕ್ಸಿನ ಗೃಹಪ್ರವೇಶ. 'ಡಿಸ್ಕ್ ಪೂರ್ತಿ ಅಳಿಸಲೇ?' ಎಂದು ಕೇಳಿತು ಪರದೆ.

"ಅಳಸು! ಬಾಡಿಗಿ ಸಾಮಾನೆಲ್ಲಾ ಹೊರಗ!" ಮಾಸ್ತರರು ಗುಂಡಿ ಒತ್ತಿಯೇಬಿಟ್ಟರು.

ಲಿನಕ್ಸ್ ಥಳಥಳ ಹೊಳೆಯಿತು. ದನಿ ಬಂತು, ಬಣ್ಣ ಬಂತು. ಅಂಚು ಮಾತ್ರ ಎಲ್ಲಿ ಹುಡುಕಿದರೂ ಇಲ್ಲ!

"ಬನಶಂಕರೀ... ಅವ್ವನ ಅಂಚು ಅಳಿಸಿಬಿಟ್ಟೆ."

ಅವಳು ಮಗ್ಗದ ಮೇಲೆ ಕೈಯಿಟ್ಟಳು. "ಹೊಸಾ ಹಾಸು ಹೂಡೂಮುಂದ ಹಳೇದನ್ನ ಗೇಣುದ್ದ ಬಿಡ್ತೇವಿ, ಎಳಿಗೆ ಎಳಿ ಕೂಡಸಾಕ. ಸಣ್ಣ ಹುಡುಗರಿಗೂ ಗೊತ್ತೈತಿ. ನೀವು ಬುಡಕ್ಕ ಕತ್ತರಿ ಹಾಕಿದ್ರಿ?"

ಅಷ್ಟರಲ್ಲಿ ಹೊರಗೆ ಅಕ್ಬರಸಾಬರ ಸ್ಕೂಟರ್ ನಿಂತೇಬಿಟ್ಟಿತು!

"ಎಲ್ಲೈತ್ರಿ ಮಾಸ್ತರ, ಅಂಚು?"

ಮಾಸ್ತರರು ಸ್ವಂತ ಮನೆಯ ಮಹಿಮೆಯನ್ನು ಕಾಲು ಗಂಟೆ ಕೊರೆದರು. ಬೆವರು ಮೊಣಕೈ ದಾಟಿತು. ಬನಶಂಕರಿ ಚಹಾ ತಂದಿಟ್ಟಳು. ಅಕ್ಬರಸಾಬರು ಚಹಾ ಸುರುವಿಕೊಂಡು ಎತ್ತಿದ ಬಸಿ ಅಲ್ಲೇ ನಿಂತಿತು.

"ತಂಗೀ, ತಡಿಯವ್ವಾ! ನೀ ಉಟ್ಟ ಸೀರಿ ಅಂಚು... ಇದ ಅಲ್ಲೇನು? ಮಾಸ್ತರ, ಸುಮ್ನ ಯಾಕ ಆಡಸ್ತೀರಿ? ಇಪ್ಪತ್ತು ಸೀರಿ ಪಕ್ಕಾ!"

ಸ್ಕೂಟರ್ ಓಣಿ ದಾಟಿದ ಮೇಲೆ ಮಾಸ್ತರರು ಆ ಅಂಚಿನ ಹತ್ತಿರ ಬಾಗಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಈ ಸೀರಿ ಯಾವಾಗ ಬಂತು ನಮ್ಮ ಮನಿಗೆ?"

ಬನಶಂಕರಿ ಕಪ್ಪೂ ಬಸಿಯೂ ಎತ್ತಿಕೊಂಡಳು. "ನಿಮ್ಮವ್ವ ನೇದು ಕೊಟ್ಟು ಹನ್ನೊಂದು ವರ್ಷ ಆತ್ರಿ. ಅವತ್ತ ಅಂಗಡ್ಯಾಗ ಚಟ್ನಿ ಒರಸಿದ್ದೂ ಇದರಿಂದನ."