ಗೋಡೆಗೆ ಯಾವ ಹಳದಿ?

ಬಣ್ಣ ಹಚ್ಚಲು ಹೋದರೆ ಮನೆಯವರು ಸಾಮಾನಿನ ಜೊತೆ ಮನಸ್ಸನ್ನೂ ಹೊರಗೆ ತಂದಿಡುತ್ತಾರೆ. ಎಂಬತ್ತರ ದಶಕದಿಂದ ನಿಪ್ಪಾಣಿ, ಅಥಣಿ ಕಡೆ ಗೋಡೆ ಬಳಿದ ನನಗೆ ಇಂಥವು ತಪ್ಪಿಲ್ಲ. ಅದರಲ್ಲೂ ಒಂದನ್ನೊಂದು ಹೋಲುವ ಎರಡು ಹಳದಿ ಮುಂದಿಟ್ಟರೆ ಮುಗಿಯಿತು.

ವೈನಿಯವರ ಪಸಂದಿ

ಉಗಾರ ಬುದ್ರುಕದ ಕಬ್ಬಿನ ಸಾಹುಕಾರರು ಪಡಸಾಲೆಗೆ ಬೆಣ್ಣೆಹಳದಿಯೋ ಕೆನೆಹಳದಿಯೋ ಎಂದು ಅಣ್ಣನನ್ನು, ಅಳಿಯನನ್ನು, ಮಠದ ಅಯ್ಯನವರನ್ನು ಕೇಳಿದರು. ನಾಲ್ಕನೇ ದಿನ ಚಹಾ ತಂದ ಅವರ ಹೆಂಡತಿಯನ್ನು ನಾನೇ ಕೇಳಿದೆ, "ವೈನಿ, ನಿಮಗ ಯಾವುದು ಸೇರತೈತ್ರಿ?"

"ಆಕಿಗೇನ್ ತಿಳಿತೈತಿ?" ಸಾಹುಕಾರರು ನಕ್ಕರು.

ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇಪ್ಪತ್ತು ವರ್ಷ ಒಲಿ ಹೊಗಿ ಕುಡದೇನ್ರಿ. ಈಗ ನನಗ ಎರಡೂ ಕರೀನ ಕಾಣ್ತಾವ."

ಪಿವಳಾ

ನಿಪ್ಪಾಣಿಯ ಒಂದು ಮನೆಯಲ್ಲಿ ಮಾವನವರ ಮಾತು ಮರಾಠಿ, ಗೋಕಾಕ ಕಡೆಯಿಂದ ಬಂದ ಸೊಸೆಯದು ಕನ್ನಡ. ಅವರು ಹಳದಿಗೆ ಮರಾಠಿಯಲ್ಲಿ "ಆ ಪಿವಳಾ" ಅಂದರೆ ಈಕೆ "ಈ ಹಳದಿ" ಅನ್ನುವಳು. ಎರಡು ದಿನ ಒಬ್ಬರಿಗೊಬ್ಬರು ಮಾತು ಬಿಟ್ಟರು. ಕೊನೆಗೆ ಶೇಡ್ ಕಾರ್ಡ್ ಹಿಡಿದು ತೋರಿಸಲು ಹೇಳಿದೆ. ಇಬ್ಬರ ಬೆರಳೂ ಒಂದೇ ಬಣ್ಣದ ಮೇಲೆ ಬಂದವು.

ಮಾವ ಬೆರಳು ಹಿಂದಕ್ಕೆ ತೆಗೆದುಕೊಂಡು ನನಗೆ ಹರಕು ಕನ್ನಡದಲ್ಲಿ ಅಂದರು, "ಹಂಗಾರ ನನಗ ಬಾಜೂದು."

ಹೆಣ್ಣು ತೋರಿಸುವ ಗೋಡೆ

ಅಥಣಿ ಕಡೆಯ ಅನಂತಪುರದ ಒಂದು ಮನೆಗೆ ಹೆಣ್ಣು ನೋಡಲು ಬರುವವರಿದ್ದರು. ಹುಡುಗಿಯ ತಾಯಿ ಗೋಡೆಗೆ ಎರಡೂ ಹಳದಿಯನ್ನು ಬಾಗಿಲಗಲ ಬಳಿಸಿ, ಮಗಳನ್ನು ಒಮ್ಮೆ ಇದರ ಮುಂದೆ, ಒಮ್ಮೆ ಅದರ ಮುಂದೆ ನಿಲ್ಲಿಸಿದರು. "ನೀವು ಬಣ್ಣದವ್ರು, ಹೇಳ್ರಿ. ಯಾವುದ್ರ ಮುಂದ ಈಕಿ ಬೆಳ್ಳಗ ಕಾಣ್ತಾಳ?"

ನಾನು ಡಬ್ಬಿಯ ಬಣ್ಣ ಕಲಕತೊಡಗಿದೆ. ಹುಡುಗಿಯೇ ಅಂದಳು, "ಕಾಕಾ, ಯಾವುದ್ರ ಮುಂದ ನಾ ಕಾಣೂದ ಇಲ್ಲೋ ಅದನ್ನ ಹಚ್ಚಿಬಿಡ್ರಿ."

ತಾಯಿ ಆರಿಸಿದ್ದನ್ನು ಹಚ್ಚಿದೆ. ಗಂಡಿನವರು ಬಂದರು, ಅವಲಕ್ಕಿ ತಿಂದು ಹೋದರು, ಹುಡುಗಿ ಕಪ್ಪು ಎಂದು ಹೇಳಿ ಕಳಿಸಿದರು.

ಎರಡು ತಿಂಗಳ ಮೇಲೆ ಆ ಹುಡುಗನ ತಂದೆ ನನ್ನನ್ನೇ ಕರೆಸಿದರು. ಮಗನಿಗೆ ಬೇರೆ ಕಡೆ ಲಗ್ನ ಗೊತ್ತಾಗಿತ್ತು. "ಅನಂತಪುರದ ಆ ಮನಿ ಗ್ವಾಡಿ ಬಣ್ಣ ಭಾಳ ಮನಸಿಗೆ ಬಂದೈತ್ರಿ. ನಮಗೂ ಅದನ್ನ ಹಚ್ಚ್ರಿ."

ಅದೇ ಬಣ್ಣದ ಡಬ್ಬಿ ನನ್ನ ಸೈಕಲ್ಲಿನ ಚೀಲದಲ್ಲಿತ್ತು. "ಆ ಬಣ್ಣ ಬರೂದ ನಿಂತೈತ್ರಿ" ಅಂದೆ.

ಅವರು ಶೇಡ್ ಕಾರ್ಡ್ ಎಳೆದುಕೊಂಡರು. "ಹಂಗಾರ ಅದಕ್ಕಿಂತ ತುಸು ಬೆಳ್ಳಗಿರೂದು ಇದ್ರ ತೋರಸ್ರಿ."