ಮಾಮಾನ ಉಸಿರಾಡುವ ಪುಡಿ

ನನ್ನ ಸೋದರಮಾವ ಒಂದು ಪುಡಿಗೆ ಉಸಿರಾಡುವುದನ್ನು ಕಲಿಸಿದ್ದರು. ನಗಬೇಡಿ! ವಿಜಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಮನುಷ್ಯ ಸುಳ್ಳು ಹೇಳಿಯಾರೇ?

ಅರವತ್ತರ ದಶಕದ ಶುರುವಿನ ಮಾತು. ರವಿವಾರ ತಿಕೋಟಾದ ನಮ್ಮ ಮನೆಗೆ ಬಂದು ಊಟಕ್ಕೆ ಕುಳಿತರೆ ಅಲ್ಲಿಯೂ ಪಾಠ. ಉಳ್ಳಾಗಡ್ಡಿಯೊಂದನ್ನು ನಾಲ್ಕು ಬೆರಳಲ್ಲಿ ಬಿಗಿಹಿಡಿದು, “ಇದು ಕೋಬಾಲ್ಟು. ಈ ಬೆರಳು ನಾ ಮಾಡಿದ ಹಳದಿ ಹರಳು, ಶಿಫ್ ಬೇಸು. ಎಷ್ಟ ಗಟ್ಟಿ ಹಿಡದೈತಿ ನೋಡಬೇ ಅಕ್ಕಾ!” ಅನ್ನುವರು.

“ಅದನ್ನ ಬಿಟ್ಟು ರೊಟ್ಟಿ ಹಿಡಿಯೋ ಯಪ್ಪಾ,” ಅನ್ನುವಳು ಅವ್ವ.

ಆ ಹಿಡಿತದಲ್ಲಿ ಸಿಕ್ಕ ಕೋಬಾಲ್ಟೇ ಮಾಮಾನ ಪುಡಿ. ಅದು ಗಾಳಿಯ ಆಮ್ಲಜನಕ ಎಳೆದುಕೊಂಡು ಕಪ್ಪಾಗುತ್ತದೆ, ಕಾಸಿದರೆ ಬಿಟ್ಟುಕೊಡುತ್ತದೆ. ಅದೇ ಉಸಿರು! ಹೈಡ್ರೋಜನ್ ಪೆರಾಕ್ಸೈಡಿಗೆ ಚಿಟಿಕೆ ಹಾಕಿದರೆ ನೊರೆ ಉಕ್ಕುತ್ತದೆ, ಪುಡಿ ಮಾತ್ರ ಖರ್ಚಾಗುವುದಿಲ್ಲ. ವೇಗವರ್ಧಕವೆಂದರೆ ಅದು. ಪೆರಾಕ್ಸೈಡೋ, ಗಾಯ ತೊಳೆಯುವ ಔಷಧಿ. ಮಾಮಾ ವಾರಕ್ಕೆರಡು ಸೀಸೆ ಒಯ್ಯುವುದನ್ನು ಕಂಡು ಗಾಂಧಿ ಚೌಕದ ಅಂಗಡಿಯವನು, “ಗಾಯ ಇನ್ನೂ ಮಾಯ್ದಿಲ್ಲೇನ್ರಿ ಸರ?” ಎಂದನಂತೆ. “ಮಾಯೋದ ಬ್ಯಾಡ್ರಿ, ನೊರಿ ಬಂದ್ರ ಸಾಕು!”

ಮೆಟ್ರಿಕ್ ಮುಗಿಸಿದ ನನ್ನ ಓದು ಬಿಡಿಸಲು ಅಪ್ಪ ತೀರ್ಮಾನಿಸಿದ್ದ. ಮಾಮಾನಿಗೆ ಕಾಗದ ಬರೆದೆ. ಕಿಕ್ಕಿರಿದ ಬಸ್ಸಿನಲ್ಲಿ, ತೊಡೆಯ ಮೇಲೆ ಪುಡಿಯ ಸೀಸೆ ಇಟ್ಟುಕೊಂಡು ಬಂದರು. ನನ್ನ ಸುದ್ದಿಯನ್ನೇ ಎತ್ತಲಿಲ್ಲ!

“ನೋಡ್ರಿ ಮಾವಾರ, ದಾರಿಯೊಳಗ ಇದು ಉಸರ ಎಳಕೊಂಡು ಕರ್ರಗಾಗೇತಿ!”

“ಆ ಬಸ್ಸಿನ್ಯಾಗ ಮನಷ್ಯಾರಿಗೇ ಉಸರ ಸಿಗಂಗಿಲ್ಲ, ನಿನ್ನ ಪುಡಿಗೆ ಹೆಂಗ ಸಿಕ್ಕಿತಲೇ?” ಎಂದ ಅಪ್ಪ.

ಮಾಮಾ ತಂಬಿಗೆಗೆ ಪೆರಾಕ್ಸೈಡು ಸುರಿದು, ಪುಡಿಯ ಸೀಸೆಯನ್ನೇ ಅದರೊಳಗೆ ಬೋರಲು ಹಾಕಿದರು. ಬುಸ್ಸೆಂದು ಉಕ್ಕಿದ ನೊರೆ ಪುಡಿಯನ್ನೆಲ್ಲ ಹೊತ್ತುಕೊಂಡು ಅಪ್ಪನ ಇಸ್ತ್ರಿಯ ಧೋತರದ ಮೇಲೆ ಹರಿಯಿತು. ಅಪ್ಪ ಹೊಟ್ಟೆ ಹಿಡಿದು ನಕ್ಕ. ನಕ್ಕನೇ? ನೊರೆ ಕಂದು ಎಂದು ನನ್ನ ನೆನಪು. ಬೆಳ್ಳಗಿತ್ತು ಎನ್ನುತ್ತಾಳೆ ಅವ್ವ. ನಗುವನ್ನು ಆಮೇಲೆ ನಾನೇ ಬೆರೆಸಿರಬಹುದು. ಅಪ್ಪ ಕೇಳಿದ್ದು ಮಾತ್ರ ಇಬ್ಬರಿಗೂ ನೆನಪಿದೆ: “ಇಕಿನೂ ಇಂಥಾದ್ದ ಕಲೀತಾಳೇನು?”

“ಕಳಿಸಿದ್ರ ಕಲೀತಾಳ್ರಿ.”

ಜೂನಿನಲ್ಲಿ ನಾನು ವಿಜಾಪುರದ ಬಸ್ಸಿನಲ್ಲಿದ್ದೆ. ಧೋತರದ ಕಲೆ ಹೋಗಲೇ ಇಲ್ಲ. ನನ್ನ ಮೊದಲ ಪ್ರಮಾಣಪತ್ರ ಅದೇ.

ಕಾಲೇಜು ಸೇರಿದ ಮೇಲೆ ತಿಳಿಯಿತು: ಆ ಸೀಸೆಯಲ್ಲಿದ್ದದ್ದು ಮಾಮಾ ತಿಂಗಳುಗಟ್ಟಲೆ ಶುದ್ಧಮಾಡಿ, ತಮ್ಮ ಡಾಕ್ಟರೇಟಿಗಾಗಿ ಧಾರವಾಡಕ್ಕೆ ಕಳಿಸಬೇಕಿದ್ದ ಮಾದರಿ. ಮತ್ತೆ ಅಷ್ಟು ಕೋಬಾಲ್ಟು ಸಿಗಲಿಲ್ಲ. ಡಾಕ್ಟರೇಟೂ ಸಿಗಲಿಲ್ಲ.

“ಒಂದು ಚಿಟಿಕಿ ಸಾಕಿತ್ತಲ್ಲ ಮಾಮಾ?” ಎಂದೆ.

ಅವರು ಗಾಜಿನ ನಳಿಕೆ ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಪೆರಾಕ್ಸೈಡಿಗೆ ಸಾಕಿತ್ತವಾ. ನಿಮ್ಮಪ್ಪಗ?”