ಇಬ್ಬರು ಅಳಿಯಂದಿರಿಗೆ ಒಂದೇ ಐಪಿ ನಂಬರು

ತೊಂಬತ್ತರ ದಶಕದ ಕೊನೆಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ನನಗೆ, ಜೇವರ್ಗಿಯ ಒಂದು ಶಿಕ್ಷಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಆಳಂದ, ಅಫಜಲಪುರಗಳಲ್ಲಿ ಅದರ ಎರಡು ಕಾಲೇಜು. ಅಲ್ಲಿನ ಸರ್ವರುಗಳಲ್ಲಿದ್ದ ವಿದ್ಯಾರ್ಥಿಗಳ ಪಟ್ಟಿ ಜೇವರ್ಗಿಯಲ್ಲಿ ಕೂತೇ ಕಾಣಬೇಕು. ಅದಕ್ಕೆ ಪ್ರತಿ ಕಾಲೇಜಿಗೂ ಒಂದು ಖಾಸಗಿ ಐಪಿ ನಂಬರು, ಅಂದರೆ ಕಂಪ್ಯೂಟರ್ ಜಾಲದೊಳಗಿನ ವಿಳಾಸ, ಆರಿಸಿ, ‘ಈ ನಂಬರಿಗೆ ಈ ದಾರಿ’ ಎಂದು ದಾರಿ ತೋರಿಸುವ ಪೆಟ್ಟಿಗೆಯಾದ ರೌಟರಿಗೆ ಬರೆದುಕೊಟ್ಟರಾಯಿತು. ಇಷ್ಟೇ!

ಆಳಂದಕ್ಕೆ 192.168.1, ಅಫಜಲಪುರಕ್ಕೆ 192.168.2 ಎಂದು ಕಾಗದದಲ್ಲಿ ಬರೆದು ಎರಡೂ ಕಾಲೇಜಿಗೆ ಕಳಿಸಿದೆ. ಆಳಂದದ ಪ್ರಾಂಶುಪಾಲರು ನಮ್ಮ ಅಧ್ಯಕ್ಷ ಗೌಡರ ಹಿರಿಯ ಅಳಿಯ. ಅಫಜಲಪುರದವರು ಕಿರಿಯ ಅಳಿಯ. ಕಿರಿಯರ ಫೋನು ಬಂತು.

“ಅವರು ಒಂದು, ನಾ ಎರಡೇನ್ರಿ? ನೌಕರಿ ಬ್ಯಾಸರ ಆಗ್ಯಾದೇನು?”

ಹಬ್ಬಕ್ಕೆ ಇಬ್ಬರು ಅಳಿಯಂದಿರಿಗೂ ಒಂದೇ ಥಾನಿನ ಬಟ್ಟೆ ತರುವ ಮನೆ ಅದು. ಹೆದರಿದೆ. ಇಬ್ಬರಿಗೂ ಒಂದನ್ನೇ ದಯಪಾಲಿಸಿದೆ.

ಮರುವಾರ ಮಾನ್ಯತೆಯ ತಪಾಸಣೆಗೆ ಸಾಹೇಬರು ಬಂದರು. ಆಳಂದದ ಪಟ್ಟಿ ತೋರಿಸಿದೆ. ಅಫಜಲಪುರದ್ದು ಕೇಳಿದರು. ಮತ್ತೆ ಆಳಂದದ್ದೇ ಬಂತು! ಒಂದೇ ನಂಬರಿಗೆ ಎರಡು ದಾರಿ ಬರೆದರೆ ರೌಟರು ಏನು ಮಾಡೀತು? ಮೊದಲು ಬರೆದ ಆಳಂದದ ದಾರಿಯನ್ನೇ ಹಿಡಿದಿತ್ತು. ಸಾಹೇಬರು ಪಟ್ಟಿಯ ಒಂದು ಹೆಸರಿನ ಮೇಲೆ ಬೆರಳಿಟ್ಟರು.

“ಗೌಡ್ರ, ಈ ಹುಡುಗಿ ಆಳಂದದಾಗೂ ಓದತಾಳ, ಅಫಜಲಪುರದಾಗೂ ಓದತಾಳ. ದಿನಾ ಎರಡೂ ಊರಿಗಿ ಹೋಗ್ತಾಳೇನ್ರಿ?”

ಗೌಡರು ನನ್ನನ್ನು ನೋಡಿದರು.

“ತಡೀರಿ ಸಾಹೇಬ್ರ, ಮತ್ತೊಮ್ಮಿ ತೋರಸ್ತೇನಿ,” ಅಂದೆ. ಮತ್ತೊಮ್ಮೆಯೂ ಅದೇ ಹುಡುಗಿ. ಸಾಹೇಬರು ‘ಬೋಗಸ್ ಪಟ್ಟಿ’ ಎಂದು ಬರೆಯತೊಡಗಿದರು. ಮಾನ್ಯತೆ ಹೋದರೆ ಅಫಜಲಪುರದ ಕಾಲೇಜಿಗೆ ಬೀಗ. ಆಮೇಲೆ ನನಗೆ ಈ ಮೂರು ತಾಲೂಕಿನಲ್ಲಿ ಒಂದು ಲೋಟ ನೀರೂ ಹುಟ್ಟುವುದಿಲ್ಲ.

“ತಪ್ಪು ನಂದ್ರಿ,” ಎಂದು ಕೈಮುಗಿದೆ. “ಅಳಿಯಂದ್ರಿಗಿ ಅಂಜಿ ಇಬ್ಬರಿಗೂ ಒಂದ ನಂಬರ್ ಕೊಟ್ಟೀನ್ರಿ.”

ಸಾಹೇಬರು ಪೆನ್ನು ಕೆಳಗಿಟ್ಟರು. “ಅಫಜಲಪುರದ ಹಾಜರಿ ಪುಸ್ತಕ ತರಸ್ರಿ.”

ಜೀಪು ಹೋಗಿ ಬರುವವರೆಗೆ ನಾನು ಕೂರಲಿಲ್ಲ. ಪುಸ್ತಕದಲ್ಲಿ ಬೇರೆಯೇ ಮಕ್ಕಳಿದ್ದರು. ಮಾನ್ಯತೆ ಉಳಿಯಿತು.

ಸಾಹೇಬರು ಹೋದ ಮೇಲೆ ಗೌಡರು ಜವಾನ ಹಣಮಂತನನ್ನು ಕರೆದರು. ಪರೀಕ್ಷೆಯ ಬೆಂಚುಗಳಿಗೆ ನಂಬರು ಬರೆಯುವವನು ಅವನು.

“ಎರಡು ಬೆಂಚಿಗಿ ಒಂದ ನಂಬರ್ ಇಂವ ಎಂದೂ ಬರದಿಲ್ಲ. ಇನ್ಮ್ಯಾಲ ಇವನಿಗಿ ತೋರಿಸಿ ನಂಬರ್ ಕೊಡ್ರಿ.”

ಹಣಮಂತ ನಂಬರು ಬರೆದ ನನ್ನ ಕಾಗದವನ್ನು ನಿಧಾನವಾಗಿ ನೋಡಿದ.

“ಒಂದು ಗೌಡ್ರ ಆಫೀಸಿಗೇ ಇಡ್ರಿ. ಉಳದದ್ದು ಎರಡು, ಮೂರು ಅಳಿಯಂದ್ರಿಗಿ. ಮಾವನ ಮುಂದ ಯಾವ ಅಳಿಯ ಮಾತಾಡ್ತಾನ?”

“ಹೌದ್ರಿ ಸರ್,” ಅಂದೆ.

ಸರ್ ಅಂದದ್ದು ಹಣಮಂತನಿಗೆ.